ಹೇಳಿದರೂ ಕೇಳದವರನ್ನು ಒಪ್ಪಿಸುವುದು ಹೇಗೆ? ಮಾಸ್ಕ್, ಲಸಿಕೆ ಮತ್ತು ನಮ್ಮ ಜನ

2021ರ ಮಾರ್ಚ್ ತಿಂಗಳು. 60 ದಾಟಿದವರಿಗೆ ಕೊರೊನಾ ಲಸಿಕೆ ಆಗಷ್ಟೇ ಶುರುವಾಗಿತ್ತು. ಎಷ್ಟೋ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ (ಪಿಎಚ್‌ಸಿ) ಸಿಸ್ಟರ್‌ಗಳು ಲಸಿಕೆ ಬಾಕ್ಸ್ ಇಟ್ಟುಕೊಂಡು ಜನ ಬರಲಿ ಅಂತ ಕಾಯುತ್ತಿದ್ದರು. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಹೋಗಿ ಕರೆದರೂ "ಆಮೇಲೆ ನೋಡೋಣ ಬಿಡಮ್ಮ" ಅನ್ನುವ ಉತ್ತರ. ಎರಡೇ ತಿಂಗಳಲ್ಲಿ ಎಲ್ಲ ತಲೆಕೆಳಗಾಯಿತು. ಮೇನಲ್ಲಿ ಅವೇ ಕೇಂದ್ರಗಳ ಮುಂದೆ ಬೆಳಕು ಹರಿಯುವ ಮೊದಲೇ ಸಾಲು, ಒಳಗೆ ಲಸಿಕೆ ಖಾಲಿ. ಲಸಿಕೆ ಅದೇ, ಜನರೂ ಅವರೇ. ನಡುವೆ ಏನಾಯಿತು?

ಎರಡನೇ ಅಲೆ ಬಂತು, ಜನ ಹೆದರಿದರು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಅದು ಅರ್ಧ ಮಾತ್ರ ನಿಜ. ಹೆದರಿಕೆ 2020ರಲ್ಲೂ ಇತ್ತಲ್ವಾ? ಆಗಲೂ ಎಲ್ಲರೂ ಮಾಸ್ಕ್ ಹಾಕಲಿಲ್ಲ, ಟೆಸ್ಟ್‌ಗೂ ಹೋಗಲಿಲ್ಲ. ಒಬ್ಬ ಮನುಷ್ಯ ತನ್ನನ್ನು ಕಾಪಾಡಿಕೊಳ್ಳಲು ಎದ್ದು ಹೊರಡಬೇಕಾದರೆ ಹೆದರಿಕೆ ಒಂದೇ ಸಾಲದು. ದಾರಿ ಸುಲಭ ಇರಬೇಕು, ತನಗೆ ಬೇಕಾದವರು ಆ ದಾರಿಯಲ್ಲಿ ಹೋಗುವುದು ಕಣ್ಣಿಗೆ ಕಾಣಬೇಕು. ಈ ಎರಡು ವಿಷಯದಲ್ಲಿ ನಾವು ತುಂಬ ಮಾಡಬಹುದಿತ್ತು, ಮುಂದಿನ ಸಲ ಮಾಡಲೇಬೇಕು ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಅಜ್ಜನನ್ನು ಒಪ್ಪಿಸಲು ಪರದಾಡಿದವರಿಗೆ, ಅಪಾರ್ಟ್‌ಮೆಂಟ್ ಸಂಘದವರಿಗೆ, ಶಾಲೆಯ ಮೇಷ್ಟ್ರುಗಳಿಗೆ, ಪಂಚಾಯಿತಿ ಸದಸ್ಯರಿಗೆ, ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಕೇಳಿ, ಆಮೇಲೆ ಹೇಳಿ

ಈ ಸಮಸ್ಯೆ ಹೊಸದಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯರೋಗ ಪತ್ತೆ ಮಾಡಲು ಎಕ್ಸ್‌ರೇ ಗಾಡಿಗಳನ್ನು ಜನ ಇದ್ದಲ್ಲಿಗೇ ಕಳಿಸಿದರು. ಪರೀಕ್ಷೆ ಪೂರ್ತಿ ಉಚಿತ, ಗಾಡಿ ಮನೆ ಹತ್ತಿರವೇ ನಿಲ್ಲುತ್ತಿತ್ತು. ಆದರೂ ಅಂದುಕೊಂಡಷ್ಟು ಜನ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿದ್ದ ಮನಶ್ಶಾಸ್ತ್ರಜ್ಞರು ಕೆದಕಿ ನೋಡಿದಾಗ ಸಿಕ್ಕಿದ್ದು ಕೆಲವು ಸರಳ ಪ್ರಶ್ನೆಗಳು. ಈ ಕಾಯಿಲೆ ನನಗೆ ಬರುತ್ತಾ? ಬಂದರೆ ಎಷ್ಟು ಕೆಟ್ಟದ್ದು? ಇವರು ಹೇಳಿದ್ದು ಮಾಡಿದರೆ ಉಪಯೋಗ ಇದೆಯಾ? ಮಾಡಲು ಏನೇನು ತೊಂದರೆ, ಎಷ್ಟು ಖರ್ಚು? ಇವತ್ತೇ ಯಾಕೆ ಮಾಡಬೇಕು? ಆಮೇಲಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿತು: ಇದು ನನ್ನ ಕೈಲಿ ಆಗುತ್ತಾ? ಯಾರೂ ಇವನ್ನು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಮನಸ್ಸಲ್ಲಿ ಇವೇ ಓಡುತ್ತಿರುತ್ತವೆ.

ಹಾಗಾಗಿ ನಿಮ್ಮ ಮೊದಲ ಕೆಲಸ ಭಾಷಣ ಮಾಡುವುದಲ್ಲ. ಎದುರಿಗಿರುವವರು ಯಾವ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಪತ್ತೆ ಮಾಡುವುದು. ಎಲ್ಲರಿಗೂ ಒಂದೇ ಪಾಠ ಒಪ್ಪಿಸಿದರೆ ಯಾರಿಗೂ ತಾಗುವುದಿಲ್ಲ. "ನಾನು ಮನೆ ಬಿಟ್ಟು ಎಲ್ಲೂ ಹೋಗಲ್ಲ, ನಂಗೆ ಯಾಕಪ್ಪ ಲಸಿಕೆ" ಅನ್ನುವ ಅಜ್ಜಿಗೆ ಕಾಯಿಲೆ ಕೆಟ್ಟದ್ದು ಅಂತ ಚೆನ್ನಾಗಿ ಗೊತ್ತಿದೆ. ಅದು ತನಗೆ ಬರುತ್ತೆ ಅನ್ನುವುದು ಮಾತ್ರ ಹೊಳೆದಿಲ್ಲ. ಅವರಿಗೆ ಸಾವಿನ ಲೆಕ್ಕ ಹೇಳಿ ಉಪಯೋಗವಿಲ್ಲ. "ನೀವು ಹೋಗಲ್ಲ ಅಜ್ಜಿ, ಆದ್ರೆ ನಾನು ದಿನಾ ಬಸ್ಸಲ್ಲಿ ಹೋಗಿ ಬಂದು ನಿಮ್ಮ ಪಕ್ಕಾನೇ ಕೂತು ಊಟ ಮಾಡ್ತೀನಲ್ಲ" ಅಂದರೆ ಸಾಕು, ಕಾಯಿಲೆ ಮನೆಯೊಳಗೆ ಬರುವ ದಾರಿ ಅವರಿಗೇ ಕಾಣುತ್ತದೆ.

ಇನ್ನೊಬ್ಬರು "ನಂಗೆ ಬಿಪಿ, ಶುಗರ್ ಇದೆ, ಇಂಜೆಕ್ಷನ್ ತಡ್ಕೊಳಕ್ಕಾಗಲ್ಲ" ಅನ್ನುತ್ತಾರೆ. ಅವರಿಗೆ ಕಾಯಿಲೆಗಿಂತ ಸೂಜಿಯ ಹೆದರಿಕೆ ಜಾಸ್ತಿ. ಇವರ ಹತ್ತಿರ ನೀವು ವಾದ ಮಾಡುವ ಬದಲು ಅವರು ವರ್ಷಗಟ್ಟಲೆ ತೋರಿಸಿಕೊಳ್ಳುತ್ತಿರುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅವರ ಬಾಯಿಂದ ಬಂದ ಒಂದು "ಬಿಪಿ, ಶುಗರ್ ಇದ್ರೂ ಹಾಕಿಸ್ಕೋಬಹುದು" ನಿಮ್ಮ ಹತ್ತು ವಿಡಿಯೊಗಿಂತ ದೊಡ್ಡದು.

ಕೂಲಿಗೆ ಹೋಗುವವರು ಒಮ್ಮೊಮ್ಮೆ ಏನೂ ಹೇಳುವುದೇ ಇಲ್ಲ, ಸುಮ್ನೆ ನಕ್ಕು ಹೋಗುತ್ತಾರೆ. ಲಸಿಕೆ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಸಂಬಳದವರಿಗೆ ಅದು ಎರಡು ದಿನದ ರಜೆ, ಇವರಿಗೆ ಎರಡು ದಿನದ ಕೂಲಿ. ಮನೆ ಹೆಂಗಸರದ್ದು ಇನ್ನೊಂದು ಕಥೆ. ತಾನು ಮಲಗಿದರೆ ಅಡುಗೆ ಯಾರು ಮಾಡಬೇಕು, ಹಸು ಹಾಲು ಯಾರು ಕರೆಯಬೇಕು? ಇಂಥವರನ್ನು ತಿಳುವಳಿಕೆ ಇಲ್ಲದವರು ಅಂತ ಬೈಯುವುದನ್ನು ಕೇಳಿದರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ. ಅವರ ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕ ಬದಲಾಗುವಂತೆ ಮಾಡುವುದು ನಮ್ಮ ಕೆಲಸ.

ಹೆದರಿಸುವುದಕ್ಕೆ ಒಂದು ಮಿತಿ ಇದೆ

2020ರ ಮಾರ್ಚ್ ನೆನಪಿದೆಯಲ್ವಾ? ಯಾರಿಗೆ ಫೋನ್ ಮಾಡಿದರೂ ಮೊದಲು ಕೊರೊನಾ ಎಚ್ಚರಿಕೆಯ ಸಂದೇಶ, ಅದರ ಶುರುವಿನಲ್ಲೇ ಕೆಮ್ಮು ಕೇಳುತ್ತಿತ್ತು. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯಲ್ಲೇ ಆಗಿತ್ತು. ಊರೂರಲ್ಲಿ ಜನ ರಸ್ತೆಗೆ ಮುಳ್ಳಿನ ಬೇಲಿ ಹಾಕಿ ಹೊರಗಿನವರು ಬರದ ಹಾಗೆ ಮಾಡಿದರು. ಅಂದರೆ ಹೆದರಿಕೆಗೆ ಏನೂ ಕೊರತೆ ಇರಲಿಲ್ಲ. ಆ ಹೆದರಿಕೆಯಿಂದ ಆಗಿದ್ದೇನು? ಕೆಲವರು ಎಚ್ಚರ ವಹಿಸಿದರು, ನಿಜ. ಆದರೆ ಎಷ್ಟೋ ಜನ ಜ್ವರ ಬಂದರೂ ಮುಚ್ಚಿಟ್ಟರು. ಟೆಸ್ಟ್ ಮಾಡಿಸಿದರೆ ಮನೆ ಮುಂದೆ ಬೋರ್ಡ್ ಹಾಕಿ ಸೀಲ್‌ಡೌನ್ ಮಾಡುತ್ತಾರೆ, ಅಕ್ಕಪಕ್ಕದವರು ಮುಖ ತಿರುಗಿಸುತ್ತಾರೆ ಅನ್ನುವ ಭಯ ಕಾಯಿಲೆಯ ಭಯವನ್ನೂ ಮೀರಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಬಾಡಿಗೆ ಮನೆ ಖಾಲಿ ಮಾಡಿ ಅಂದವರೂ ಇದ್ದರು. "ನಮ್ಮ ಹೋರಾಟ ರೋಗದ ವಿರುದ್ಧ, ರೋಗಿಯ ವಿರುದ್ಧ ಅಲ್ಲ" ಅಂತ ಅದೇ ಫೋನ್ ಸಂದೇಶದಲ್ಲಿ ಹೇಳಬೇಕಾಗಿ ಬಂದದ್ದು ಇದಕ್ಕೇ.

ಇದರ ಬಗ್ಗೆ ಸಂಶೋಧನೆ ಮಾಡಿದವರು ಹೇಳುವುದು ಹೀಗೆ: ಅಪಾಯ ದೊಡ್ಡದು ಅನಿಸಿ, ಜೊತೆಗೆ ಅದನ್ನು ತಡೆಯಲು ನನ್ನ ಕೈಲಿ ಏನೋ ಆಗುತ್ತೆ ಅನಿಸಿದರೆ ಮನುಷ್ಯ ಕೆಲಸಕ್ಕೆ ಇಳಿಯುತ್ತಾನೆ. ಅಪಾಯ ಮಾತ್ರ ದೊಡ್ಡದಾಗಿ ಕಂಡು, ಕೈಲಿ ಏನೂ ಆಗಲ್ಲ ಅನಿಸಿದರೆ ಅವನು ಅಪಾಯದ ಜೊತೆ ಹೋರಾಡುವುದನ್ನು ಬಿಟ್ಟು ತನ್ನ ಹೆದರಿಕೆಯ ಜೊತೆ ಹೋರಾಡುತ್ತಾನೆ. "ಅದೆಲ್ಲ ಸುಳ್ಳು", "ಎಲ್ಲ ಹಣೆಬರಹ", "ಸಾಯೋದಿದ್ರೆ ಸಾಯ್ತೀವಿ ಬಿಡು" ಅನ್ನುವ ಮಾತುಗಳು ಅಲ್ಲಿಂದಲೇ ಬರುತ್ತವೆ. ಬಹಳ ಸಲ ಅವು ಉಡಾಫೆ ಅಲ್ಲ, ತಡೆಯಲಾರದ ಭಯ.

ಆದ್ದರಿಂದ ಅಪಾಯದ ಬಗ್ಗೆ ಒಂದು ಮಾತು ಹೇಳಿದರೆ ಮಾಡಬೇಕಾದದ್ದರ ಬಗ್ಗೆ ಮೂರು ಮಾತು ಹೇಳಿ. ಅದೂ ಯಾವತ್ತು, ಎಲ್ಲಿ, ಯಾರ ಜೊತೆ ಅನ್ನುವಷ್ಟು ಬಿಡಿಸಿ ಹೇಳಿ. "ಲಸಿಕೆ ಹಾಕಿಸ್ಕೋ ಮಾವ, ಬಹಳ ಅಪಾಯ ಇದೆ" ಅನ್ನುವುದಕ್ಕಿಂತ "ಶನಿವಾರ ನಮ್ಮೂರ ಶಾಲೆಯಲ್ಲಿ ಹಾಕ್ತಾರಂತೆ ಮಾವ, 10 ಗಂಟೆಗೆ ನಾನೇ ಗಾಡಿ ತರ್ತೀನಿ, ಆಧಾರ್ ಕಾರ್ಡ್ ಒಂದು ಇಟ್ಕೊಂಡಿರು" ಅನ್ನುವುದು ಎಷ್ಟೋ ಪಾಲು ಮೇಲು. ಟೀವಿಯ ಸಾವಿನ ಲೆಕ್ಕವನ್ನು ಮನೆಯಲ್ಲಿ ದಿನವಿಡೀ ಓಡಿಸಬೇಡಿ. ದಿನಾ ಕೇಳಿದರೆ ಅದು ಕಿವಿಗೆ ಬೀಳುವುದೇ ನಿಂತುಹೋಗುತ್ತದೆ. 2020ರ ಕೊನೆಯ ಹೊತ್ತಿಗೆ ಎಷ್ಟು ಜನರ ಮಾಸ್ಕ್ ಗದ್ದಕ್ಕೆ ಇಳಿದಿತ್ತು ಅಂತ ನಾವೇ ನೋಡಿದ್ದೇವೆ.

ದಾರಿಯಲ್ಲಿರುವ ಕಲ್ಲುಗಳನ್ನು ತೆಗೆಯಿರಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಜನರ ಮನಸ್ಸು ಬದಲಾಯಿಸುವುದು ಕಷ್ಟ, ಅವರಿಗೆ ಆಗುವ ತೊಂದರೆ ಕಡಿಮೆ ಮಾಡುವುದು ಸುಲಭ. ಆದರೆ ನಾವು ಯಾವಾಗಲೂ ಕಷ್ಟದ್ದಕ್ಕೇ ಮೊದಲು ಕೈ ಹಾಕುತ್ತೇವೆ.

ಮಲೆನಾಡಿನವರಿಗೆ ಇದು ಹೊಸ ಮಾತಲ್ಲ. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ. ಅದಕ್ಕೆ ಒಂದು ಲಸಿಕೆ ಇತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಅದಾದ ಮೇಲೆ ವರ್ಷ ವರ್ಷವೂ ಬೂಸ್ಟರ್. ಹಾಕಿಸಿಕೊಂಡ ಜಾಗದಲ್ಲಿ ವಿಪರೀತ ನೋವು ಬೇರೆ. ತೋಟದ ಕೆಲಸ, ಕಾಡಿನ ಕೆಲಸ ಬಿಟ್ಟು ಅಷ್ಟು ಸಲ ಯಾರು ಹೋಗುತ್ತಾರೆ? ಮೊದಲ ಡೋಸ್ ಹಾಕಿಸಿಕೊಂಡ ಎಷ್ಟೋ ಜನ ಪೂರ್ತಿ ಮಾಡಲಿಲ್ಲ. ಕಾಯಿಲೆ ಎಷ್ಟು ಕೆಟ್ಟದ್ದು ಅಂತ ಕಣ್ಣಾರೆ ಕಂಡ ಜನ ಇವರು. ಅರಿವಿನ ಕೊರತೆ ಅಂತ ಹೇಳಲು ಸಾಧ್ಯವೇ ಇಲ್ಲ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ನಡೆದ ಒಂದು ಪ್ರಯೋಗವೂ ಇದನ್ನೇ ತೋರಿಸಿತು. ಮಕ್ಕಳ ಲಸಿಕೆಗೆ ಊರಲ್ಲೇ ತಪ್ಪದೆ ಶಿಬಿರ ನಡೆಸಿದಾಗ, ಎಲ್ಲ ಲಸಿಕೆ ಪೂರ್ತಿ ಹಾಕಿಸಿಕೊಂಡ ಮಕ್ಕಳು 100ಕ್ಕೆ 18. ಶಿಬಿರದ ಜೊತೆ ಪ್ರತಿ ಸಲ ಒಂದು ಕೆಜಿ ಬೇಳೆ, ಎಲ್ಲ ಮುಗಿದ ಮೇಲೆ ಊಟದ ತಟ್ಟೆಗಳು ಕೊಟ್ಟ ಕಡೆ 100ಕ್ಕೆ 39. ಏನೂ ಮಾಡದ ಊರುಗಳಲ್ಲಿ 100ಕ್ಕೆ ಬರೀ 6. ಒಂದು ಕೆಜಿ ಬೇಳೆಗೆ ಯಾರೂ ತಮ್ಮ ನಂಬಿಕೆ ಬದಲಾಯಿಸುವುದಿಲ್ಲ. ಆದರೆ "ಆಮೇಲೆ ನೋಡೋಣ" ಅನ್ನುವವರಿಗೆ "ಇವತ್ತೇ ಹೋಗೋಣ" ಅನ್ನಲು ಒಂದು ನೆಪ ಬೇಕು, ಅದು ಆ ಬೇಳೆಯಿಂದ ಸಿಕ್ಕಿತು.

ನಮ್ಮ ಮಟ್ಟದಲ್ಲಿ ಏನು ಮಾಡಬಹುದು? ಮಾಸ್ಕ್ ಹಾಕದವರನ್ನು ಯಾಕೆ ಅಂತ ಕೇಳಿದರೆ ಕನ್ನಡಕ ಮಂಜಾಗುತ್ತೆ, ಮೂಟೆ ಹೊರುವಾಗ ಉಸಿರು ಕಟ್ಟುತ್ತೆ, ಕಿವಿ ಹಿಂದೆ ನೋಯುತ್ತೆ, ಮಾತಾಡಿದ್ದು ಕೇಳಲ್ಲ ಅನ್ನುತ್ತಾರೆ. ಮೂಗಿನ ಮೇಲೆ ತಂತಿ ಇರುವ ಮಾಸ್ಕ್ ಸರಿಯಾಗಿ ಅದುಮಿ ಹಾಕಿಕೊಟ್ಟರೆ ಕನ್ನಡಕದ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಬಟ್ಟೆ ಮಾಸ್ಕ್ ಕೊಡುವುದಾದರೆ ಒಂದು ಕೊಡಬೇಡಿ. ಒಂದು ಒಗೆದು ಒಣಗಲು ಹಾಕಿದಾಗ ಹಾಕಿಕೊಳ್ಳಲು ಇನ್ನೊಂದು ಬೇಕಲ್ಲ. ಬಯಲಲ್ಲಿ ಒಬ್ಬರೇ ಮೂಟೆ ಹೊರುವಾಗ ತೆಗೆಯಲಿ ಬಿಡಿ, ಟೆಂಪೊದಲ್ಲಿ ಒತ್ತೊತ್ತಾಗಿ ಕೂತಾಗ ಹಾಕಲಿ. ಎಲ್ಲಿ ಬಹಳ ಮುಖ್ಯ, ಎಲ್ಲಿ ಅಷ್ಟಿಲ್ಲ ಅಂತ ಬಿಡಿಸಿ ಹೇಳಿದರೆ ಜನ ಕೇಳುತ್ತಾರೆ. 24 ಗಂಟೆ ಹಾಕಿಕೊಂಡಿರಿ ಅಂದರೆ ಎಲ್ಲಿಯೂ ಹಾಕುವುದಿಲ್ಲ.

ಕೈ ತೊಳೆಯುವುದಕ್ಕೆ ಉಪದೇಶವೇ ಬೇಡ. ಬಾಗಿಲ ಹೊರಗೆ ಬಕೆಟ್ಟು, ಚೊಂಬು, ಸೋಪು ಇಡಿ. ಹೊರಗಿಂದ ಬಂದು ಕಾಲು ತೊಳೆದು ಒಳಗೆ ಬರುವ ಅಭ್ಯಾಸ ಇನ್ನೂ ಎಷ್ಟೋ ಮನೆಗಳಲ್ಲಿದೆ, ಕೈ ಅದರ ಜೊತೆಗೇ ಸೇರಿಕೊಳ್ಳುತ್ತದೆ.

ಲಸಿಕೆಗೆ ಬಂದರೆ, ಕೋವಿನ್ ಪೋರ್ಟಲ್ ನೆನಪು ಮಾಡಿಕೊಳ್ಳಿ. ಸ್ಮಾರ್ಟ್‌ಫೋನ್ ಬೇಕು, ಓಟಿಪಿ ಬರಬೇಕು, ಸ್ಲಾಟ್ ತೆರೆದ ಕೂಡಲೇ ಒತ್ತಬೇಕು. 2021ರ ಮೇನಲ್ಲಿ ಬೆಂಗಳೂರಿನವರು ಪಕ್ಕದ ಜಿಲ್ಲೆಗಳಲ್ಲಿ ಸ್ಲಾಟ್ ಹಿಡಿದು ಕಾರಲ್ಲಿ ಹೋಗಿ ಹಾಕಿಸಿಕೊಂಡು ಬಂದರು. ಆ ಊರಿನ ಜನ ನೋಡುತ್ತಾ ನಿಂತರು. ಒಂದು ಬೀದಿಯಲ್ಲಿ ಫೋನ್ ಬಲ್ಲ ಇಬ್ಬರು ಹುಡುಗರು ಒಂದು ಸಂಜೆ ಕೂತು ಎಲ್ಲರ ಹೆಸರು ನೋಂದಾಯಿಸಿಕೊಟ್ಟರೆ ಈ ಕಲ್ಲು ಪಕ್ಕಕ್ಕೆ ಸರಿಯುತ್ತದೆ. ಕೂಲಿಯವರಿಗೆ ಮರುದಿನ ಕೆಲಸ ಇಲ್ಲದ ದಿನ ನೋಡಿ ಕರೆದುಕೊಂಡು ಹೋಗಿ, ಸಂತೆ ಹಿಂದಿನ ದಿನ ಬೇಡವೇ ಬೇಡ. ಜ್ವರಕ್ಕೆ ಡಾಕ್ಟರ್ ಹೇಳಿದ ಮಾತ್ರೆ ಮೊದಲೇ ತಂದಿಟ್ಟಿರಿ. ಅಮ್ಮ ಹಾಕಿಸಿಕೊಂಡು ಬಂದ ದಿನ ರಾತ್ರಿ ಅಡುಗೆ ನಿಮ್ಮದು ಅಂತ ಮೊದಲೇ ಹೇಳಿಬಿಡಿ, ಹೇಳಿದಂತೆ ಮಾಡಿ. ಅತ್ತೆ ಸೊಸೆ ಇಬ್ಬರೂ ಒಂದೇ ದಿನ ಹಾಕಿಸಿಕೊಳ್ಳುವುದು ಬೇಡ, ಒಬ್ಬರಾದ ಮೇಲೆ ಒಬ್ಬರು ಹೋಗಲಿ.

ಯಾರು ಹೇಳಿದರೆ ಕೇಳುತ್ತಾರೆ?

ಬಾಂಗ್ಲಾದೇಶದಲ್ಲಿ 2020ರ ಕೊನೆಯಲ್ಲಿ ಶುರುವಾದ ಒಂದು ದೊಡ್ಡ ಪ್ರಯೋಗದ ಬಗ್ಗೆ ಹೇಳಲೇಬೇಕು. ಸುಮಾರು 600 ಹಳ್ಳಿಗಳು. ಅರ್ಧದಷ್ಟು ಕಡೆ ಏನೂ ಮಾಡಲಿಲ್ಲ, ಉಳಿದ ಅರ್ಧ ಕಡೆ ನಾಲ್ಕು ಕೆಲಸ ಮಾಡಿದರು. ಮನೆಮನೆಗೆ ಹೋಗಿ ಮಾಸ್ಕ್ ಉಚಿತವಾಗಿ ಕೊಟ್ಟರು. ಯಾಕೆ ಬೇಕು, ಹೇಗೆ ಹಾಕಬೇಕು ಅಂತ ತಿಳಿಸಿದರು. ಊರಿನ ಮುಖಂಡರು, ಮಸೀದಿಯ ಇಮಾಮರು ತಾವೇ ಹಾಕಿಕೊಂಡು ಇತರರಿಗೂ ಹೇಳುವಂತೆ ಮಾಡಿದರು. ಸಂತೆ, ಮಸೀದಿ ಹತ್ತಿರ ಮಾಸ್ಕ್ ಇಲ್ಲದವರು ಕಂಡರೆ ಬೈಯದೆ ನಿಲ್ಲಿಸಿ, ನೆನಪಿಸಿ, ಅಲ್ಲೇ ಒಂದು ಮಾಸ್ಕ್ ಕೊಟ್ಟರು. ಏನೂ ಮಾಡದ ಹಳ್ಳಿಗಳಲ್ಲಿ ಸರಿಯಾಗಿ ಮಾಸ್ಕ್ ಹಾಕುವವರು 100ಕ್ಕೆ ಸುಮಾರು 13 ಜನ, ಈ ಹಳ್ಳಿಗಳಲ್ಲಿ 42. ಇದರ ಜೊತೆ ಮೊಬೈಲ್ ಮೆಸೇಜ್ ಕಳಿಸಿ ನೋಡಿದರು, ನಮ್ಮದು ಮಾಸ್ಕ್ ಹಾಕುವ ಮನೆ ಅಂತ ಮನೆ ಮುಂದೆ ಬೋರ್ಡ್ ಹಾಕಿಸಿ ನೋಡಿದರು, ಊರಿಗೆ ಬಹುಮಾನದ ಆಸೆ ತೋರಿಸಿ ನೋಡಿದರು. ಅದರಿಂದ ಹೆಚ್ಚಿನ ಪ್ರಯೋಜನ ಏನೂ ಕಾಣಲಿಲ್ಲ. ಮನುಷ್ಯರು ಎದುರಿಗೆ ನಿಂತು ಹೇಳಿದ್ದು ಕೆಲಸ ಮಾಡಿತು.

ನಮ್ಮ ಹಳ್ಳಿಗಳಲ್ಲಿ ಹಾಗೆ ಎದುರಿಗೆ ನಿಂತು ಹೇಳಬಹುದಾದ ಜಾಗ ಯಾವುದು ಅಂದರೆ ನಾನು ಹಾಲಿನ ಡೇರಿ ಅನ್ನುತ್ತೇನೆ. ಬೆಳಿಗ್ಗೆ ಸಂಜೆ ಅರ್ಧ ಊರೇ ಕ್ಯಾನ್ ಹಿಡಿದು ಬರುತ್ತದೆ. ಡೇರಿ ಕಾರ್ಯದರ್ಶಿ ಮಾಸ್ಕ್ ಹಾಕಿ, ಇಲ್ಲದವರಿಗೆ ಒಂದು ಕೊಟ್ಟು "ಹಾಕ್ಕೊಳಣ್ಣ, ಆಮೇಲೆ ಹಾಲು ಅಳೀತೀನಿ" ಅಂದರೆ ಎರಡು ವಾರದಲ್ಲಿ ಅದು ಊರಿನ ರೂಢಿಯಾಗುತ್ತದೆ. ಪೇಟೆಯಲ್ಲಾದರೆ ಕಿರಾಣಿ ಅಂಗಡಿ, ಅಪಾರ್ಟ್‌ಮೆಂಟಲ್ಲಾದರೆ ಲಿಫ್ಟ್. ದೇವಸ್ಥಾನದ ಅರ್ಚಕರು, ಮಸೀದಿಯ ಮೌಲ್ವಿಗಳು, ಚರ್ಚಿನ ಫಾದರ್ ಮೊದಲು ಲಸಿಕೆ ಹಾಕಿಸಿಕೊಂಡು, ಹಾಕಿಸಿಕೊಂಡೆ ಅಂತ ತಮ್ಮ ಬಾಯಲ್ಲೇ ಹೇಳಲಿ. ಆಶಾ ಕಾರ್ಯಕರ್ತೆಯನ್ನು ಒಬ್ಬರನ್ನೇ ಕಳಿಸಬೇಡಿ. ಬಾಣಂತನ, ಮಗುವಿನ ಲಸಿಕೆ ಅಂತ ಅವರಿಗೆ ಪ್ರತಿ ಮನೆಯ ಪರಿಚಯ ಇದೆ, ಆದರೆ ಊರಿನ ಹಿರಿಯರೊಬ್ಬರು ಜೊತೆಗೆ ನಿಂತರೆ ಅವರ ಮಾತಿಗೆ ತೂಕ ಬರುತ್ತದೆ, ಅವರಿಗೆ ಧೈರ್ಯವೂ ಬರುತ್ತದೆ.

ಪ್ರೀತಿಯ ವ್ಯಕ್ತಿಯೊಬ್ಬರಿಗೆ ಆದದ್ದು ಜನರನ್ನು ಎಷ್ಟು ಅಲುಗಾಡಿಸುತ್ತದೆ ಅಂತ ನಾವು 2021ರ ಅಕ್ಟೋಬರ್ 29ರ ನಂತರ ಕಂಡಿದ್ದೇವೆ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆ ಬರುವವರ ಸಂಖ್ಯೆ ಒಮ್ಮೆಲೇ ಏರಿತು. ಅವರ ಕಣ್ಣುಗಳ ದಾನದ ಸುದ್ದಿ ಕೇಳಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. ಅದಕ್ಕೂ ಮೊದಲು ಹೃದಯದ ಬಗ್ಗೆ, ನೇತ್ರದಾನದ ಬಗ್ಗೆ ಪ್ರಚಾರ ಇರಲಿಲ್ಲ ಅಂತೇನಲ್ಲ. ಇಂಥ ಹೊತ್ತಲ್ಲಿ ಬರುವ ಮನಸ್ಸು ಹೆಚ್ಚು ದಿನ ನಿಲ್ಲುವುದಿಲ್ಲ. ಊರಲ್ಲಿ ಒಬ್ಬರಿಗೆ ಕಾಯಿಲೆ ಜೋರಾದಾಗ, ಉಳಿದವರಿಗೆ ಹೋಗಬೇಕು ಅನಿಸಿದ ಆ ವಾರದಲ್ಲೇ ಲಸಿಕೆ ಶಿಬಿರ ಊರಿಗೆ ಬರುವಂತೆ ಪಿಎಚ್‌ಸಿಗೆ ಹೋಗಿ ಕೇಳಿಕೊಳ್ಳಿ.

ದಂಡದ ವಿಷಯ

2020ರ ಅಕ್ಟೋಬರಲ್ಲಿ ನಮ್ಮ ಸರ್ಕಾರ ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 1000 ರೂಪಾಯಿ ದಂಡ ಅಂತ ಹೇಳಿತು. ಜನ ಸಿಟ್ಟಾದರು, ಕೆಲವೇ ದಿನಗಳಲ್ಲಿ ಅದನ್ನು 250ಕ್ಕೆ ಇಳಿಸಬೇಕಾಯಿತು. ದಂಡ ಹಾಕುವ ಮಾರ್ಷಲ್ ಕಂಡರೆ ಮಾಸ್ಕ್ ಮೇಲೆ, ಹೋದರೆ ಕೆಳಗೆ. ಕೆಲವು ಕಡೆ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ ಅನ್ನುವ ಮಾತೂ ಬಂತು. ಹಸಿದವರ ಅಕ್ಕಿಯ ಮೇಲೆ ಕೈ ಇಡುವುದು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ತಡೆಯಲು ಸೈನಿಕರನ್ನು ಮನೆಯೊಳಗೆ ನುಗ್ಗಿಸಿದ್ದು ಎಂಥ ಸಿಟ್ಟಿಗೆ ಕಾರಣವಾಯಿತು, ಪ್ಲೇಗ್ ಅಧಿಕಾರಿ ರ‍್ಯಾಂಡ್ ಕೊಲೆಯವರೆಗೆ ಹೋಯಿತು ಅನ್ನುವುದು ಇತಿಹಾಸದಲ್ಲೇ ಇದೆ. ಒತ್ತಾಯ ಹೆಚ್ಚಾದಷ್ಟೂ ಜನ ಕಾಯಿಲೆಯನ್ನು ಮುಚ್ಚಿಡುತ್ತಾರೆ.

ನಿಯಮವೇ ಬೇಡ ಅಂತಲ್ಲ. ಬಸ್ಸಲ್ಲಿ, ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಎಲ್ಲರಿಗೂ ಒಂದೇ ನಿಯಮ ಇದ್ದರೆ ಒಬ್ಬೊಬ್ಬರೂ ಮುಜುಗರ ಪಡುವುದು ತಪ್ಪುತ್ತದೆ. ಆದರೆ ಮಾಸ್ಕ್ ಕೊಟ್ಟು, ತಿಳಿಸಿ ಆದ ಮೇಲೆ ನಿಯಮ ಬರಲಿ. ನಿಯಮ ಮಾಡಿದವರೂ ಅದನ್ನು ಪಾಲಿಸಲಿ. ವೇದಿಕೆ ಮೇಲೆ ಮಾಸ್ಕ್ ಇಲ್ಲದೆ ಭಾಷಣ ಮಾಡುವವರನ್ನು ಜನ ನೋಡುತ್ತಲೇ ಇರುತ್ತಾರೆ.

ಫ್ಯಾಮಿಲಿ ಗ್ರೂಪಿನಲ್ಲಿ ಸುಳ್ಳು ಬಂದಾಗ

ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗಲ್ಲ ಅನ್ನುವಂಥ ಸುಳ್ಳು ವಾಟ್ಸಾಪಲ್ಲಿ ಬಂದಾಗ ನೇರ ಗ್ರೂಪಲ್ಲೇ ಚಿಕ್ಕಪ್ಪನ ಜೊತೆ ಜಗಳಕ್ಕೆ ಇಳಿಯಬೇಡಿ. ಎಲ್ಲರ ಎದುರಿಗೆ ತಪ್ಪು ಅಂತ ಒಪ್ಪಿಕೊಳ್ಳುವುದು ಹಿರಿಯರಿಗೆ ಕಷ್ಟ. ಅವರಿಗೆ ಫೋನ್ ಮಾಡಿ. ಗ್ರೂಪಲ್ಲಿ ಹಾಕುವುದಾದರೆ ನಿಜ ಏನು ಅನ್ನುವುದರಿಂದ ಶುರು ಮಾಡಿ, ಸುಳ್ಳನ್ನು ಒಂದೇ ಸಲ ಹೆಸರಿಸಿ, ಯಾಕೆ ಸುಳ್ಳು ಅಂತ ಹೇಳಿ ಮತ್ತೆ ನಿಜಕ್ಕೆ ಬನ್ನಿ. ಸುಳ್ಳು ಮೆಸೇಜನ್ನೇ ಮತ್ತೆ ಫಾರ್ವರ್ಡ್ ಮಾಡಬೇಡಿ, ಓದುವವರಿಗೆ ಅದೇ ನೆನಪಲ್ಲಿ ಉಳಿಯುತ್ತದೆ.

ಇನ್ನೊಂದು, "ಏನೂ ಆಗಲ್ಲ" ಅಂತ ಹೇಳಲೇಬೇಡಿ. ಜ್ವರ ಬರುತ್ತದೆ, ಕೈ ನೋಯುತ್ತದೆ, ತೀರಾ ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗಬಹುದು, ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ ಅಂತ ಇದ್ದದ್ದು ಇದ್ದಂತೆ ಹೇಳಿ. ಏನೂ ಆಗಲ್ಲ ಅಂದ ಮೇಲೆ ರಾತ್ರಿ ಚಳಿಜ್ವರ ಬಂದರೆ ಎರಡನೇ ಡೋಸ್‌ಗೆ ಅವರು ನಿಮ್ಮ ಮಾತು ನಂಬುವುದಿಲ್ಲ. ಸಲಹೆ ಬದಲಾದಾಗಲೂ ಕಾರಣ ಹೇಳಬೇಕು. 2020ರ ಶುರುವಿನಲ್ಲಿ ಆರೋಗ್ಯವಾಗಿರುವವರಿಗೆ ಮಾಸ್ಕ್ ಬೇಡ ಅಂದರು, ಏಪ್ರಿಲಲ್ಲಿ ಮನೆಯಲ್ಲೇ ಹೊಲಿದು ಹಾಕಿ ಅಂದರು. ಲಕ್ಷಣ ಇಲ್ಲದವರಿಂದಲೂ ಹರಡುತ್ತೆ ಅಂತ ಗೊತ್ತಾಗುತ್ತಾ ಬಂತು ಅನ್ನುವ ಒಂದು ಸಾಲಿನ ಕಾರಣ ಎಷ್ಟು ಜನರಿಗೆ ತಲುಪಿತು? ತಲುಪದವರು "ಇವರಿಗೇ ಏನೂ ಗೊತ್ತಿಲ್ಲ" ಅಂದುಕೊಂಡರು, ಅದು ಸಹಜ.

ಬಿಡದೆ ನಡೆಸಿಕೊಂಡು ಹೋಗಲು

ತಿಂಗಳುಗಟ್ಟಲೆ ಎಚ್ಚರವಾಗಿರಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಪಟ್ಟಿ ಚಿಕ್ಕದಾಗಿರಲಿ. ಗಾಳಿಯಲ್ಲಿ ಹರಡುವ ಕಾಯಿಲೆಯಾದರೆ ಕಿಟಕಿ ತೆಗೆಯುವುದು, ಜನ ಸೇರುವ ಕಡೆ ಮಾಸ್ಕ್, ಜ್ವರ ಬಂದರೆ ಮನೆಯಲ್ಲೇ ಇರುವುದು, ಲಸಿಕೆ. ತರಕಾರಿಯನ್ನು ಸೋಪು ಹಾಕಿ ತೊಳೆಯುವುದರಲ್ಲಿ ಅವರ ಶಕ್ತಿ ಖರ್ಚಾಗುವುದು ಬೇಡ. ಮಾಸ್ಕನ್ನು ಗಾಡಿ ಕೀಲಿ ನೇತುಹಾಕುವ ಮೊಳೆಗೇ ಹಾಕಿಡಿ, ಒಂದರ ಜೊತೆ ಇನ್ನೊಂದು ಕೈಗೆ ಬರುತ್ತದೆ.

ಎರಡನೇ ಡೋಸ್ ಬಗ್ಗೆ ವಿಶೇಷ ಗಮನ ಬೇಕು. ಕೋವಿಶೀಲ್ಡ್‌ಗೆ ಮೊದಲು 4ರಿಂದ 6 ವಾರ ಇದ್ದ ಅಂತರ 2021ರ ಮೇ ಹೊತ್ತಿಗೆ 12ರಿಂದ 16 ವಾರಕ್ಕೆ ಹೋಯಿತು. ಮೂರ‍್ನಾಲ್ಕು ತಿಂಗಳು ಅಂದರೆ ಯಾರಿಗೆ ನೆನಪಿರುತ್ತೆ, ಅಷ್ಟರಲ್ಲಿ ಅಲೆಯೂ ಇಳಿದಿತ್ತು. ಮೊದಲ ಡೋಸ್ ಹಾಕಿಸಿಕೊಂಡು ಬಂದ ದಿನವೇ ಅಡುಗೆಮನೆ ಕ್ಯಾಲೆಂಡರಲ್ಲಿ ಮುಂದಿನ ತಾರೀಖಿಗೆ ಸುತ್ತು ಹಾಕಿ, ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವ ಹೆಸರನ್ನೂ ಬರೆಯಿರಿ. ಅಮೆರಿಕದಲ್ಲಿ ಫ್ಲೂ ಲಸಿಕೆಗೆ ಹಲವು ಬಗೆಯ ಮೆಸೇಜ್ ಕಳಿಸಿ ನೋಡಿದಾಗ ಚೆನ್ನಾಗಿ ಕೆಲಸ ಮಾಡಿದ್ದು "ನಿಮ್ಮ ಲಸಿಕೆ ನಿಮಗಾಗಿ ತೆಗೆದಿಟ್ಟಿದೆ" ಅನ್ನುವಂಥ ಮಾತು. ಆಶಾ ಕಾರ್ಯಕರ್ತೆ ಹತ್ತಿರ ಆ ದಿನದ ಪಟ್ಟಿಯಲ್ಲಿ ಹೆಸರು ಬರೆಸಿಬಿಟ್ಟು, ಹಿಂದಿನ ಸಂಜೆ ಮನೆಗೆ ಹೋಗಿ "ದೊಡ್ಡಮ್ಮ, ನಾಳೆ ನಿಮ್ಮ ಹೆಸರಲ್ಲಿ ಒಂದು ಡೋಸ್ ಇಟ್ಟಿರ್ತಾರೆ, 11 ಗಂಟೆಗೆ ಬರ್ತೀನಿ" ಅಂತ ಹೇಳಿ ಬನ್ನಿ.